ಲ್ಯಾಬ್‌ನ ಎಲ್ಲ ಯಂತ್ರಗಳಿಗೂ ಒಂದೇ ರೂಟ್ ಪಾಸ್‌ವರ್ಡ್: ಇದರಿಂದ ಹೊರಬರುವುದು ಹೇಗೆ?

ಲ್ಯಾಬ್ ಸಹಾಯಕಿ

ಪದವಿ ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯದ ಉಸ್ತುವಾರಿ ನನ್ನದು. ಎಲ್ಲ ಯಂತ್ರಗಳಲ್ಲೂ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇದೆ. ಹಿಂದೆ ಇದ್ದವರು ಎಲ್ಲದಕ್ಕೂ ಒಂದೇ ರೂಟ್ (ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆ) ಪಾಸ್‌ವರ್ಡ್ ಇಟ್ಟು, ಅದನ್ನು ಅಧ್ಯಾಪಕರೆಲ್ಲರಿಗೂ ಹೇಳಿದ್ದಾರೆ. ಈಗ ಅದು ಹಿರಿಯ ವಿದ್ಯಾರ್ಥಿಗಳ ಬಾಯಲ್ಲೂ ಇದೆ. ಕಳೆದ ವಾರ ಯಾರೋ ಒಂದು ಯಂತ್ರದ ನೆಟ್‌ವರ್ಕ್ ವ್ಯವಸ್ಥೆಯನ್ನೇ ಬದಲಿಸಿಬಿಟ್ಟರು. ಯಾರೆಂದು ತಿಳಿಯಲು ದಾರಿಯೇ ಇಲ್ಲ, ಏಕೆಂದರೆ ಎಲ್ಲರೂ ರೂಟ್ ಆಗಿಯೇ ಲಾಗಿನ್ ಆಗುತ್ತಾರೆ.

ಪ್ರತಿಯೊಬ್ಬ ಅಧ್ಯಾಪಕರಿಗೂ ಪ್ರತ್ಯೇಕ ಖಾತೆ ತೆರೆಯೋಣವೆಂದು ಹೊರಟರೆ ಮೊದಲ ಹೆಜ್ಜೆಯಲ್ಲೇ ತಡೆ. ನನ್ನ ಖಾತೆಯಿಂದ, ಬೇರೊಂದು ಖಾತೆಗೆ ಬದಲಾಗುವ ‘ಸು’ ಆಜ್ಞೆ ಕೊಟ್ಟು ರೂಟ್ ಆದ ಮೇಲೆ ‘ಯೂಸರ್‌ಆ್ಯಡ್’ ಆಜ್ಞೆ ಕೊಟ್ಟರೆ, ಅಂಥ ಆಜ್ಞೆಯೇ ಸಿಗಲಿಲ್ಲ ಎನ್ನುತ್ತದೆ. ರೂಟ್‌ಗೂ ಸಿಗದ ಆಜ್ಞೆ ಎಂದರೇನು?

ಹುಬ್ಬಳ್ಳಿ ಅಡ್ಮಿನ್

ಆಜ್ಞೆ ಅಲ್ಲಿಯೇ ಇದೆ. ಅದನ್ನು ಎಲ್ಲಿ ಹುಡುಕಬೇಕು ಎಂಬುದು ನಿಮ್ಮ ಆಜ್ಞೆಗಳನ್ನು ಓದಿ ನಡೆಸುವ ಶೆಲ್‌ಗೆ ಗೊತ್ತಿಲ್ಲ.

ಬರೀ ‘ಸು’ ಕೊಟ್ಟಾಗ ನೀವು ರೂಟ್ ಆಗುತ್ತೀರಿ, ಆದರೆ ನಿಮ್ಮ ಹಳೆಯ ಪರಿಸರದ ಬಹುಭಾಗ ಜೊತೆಗೇ ಬರುತ್ತದೆ. ಆಜ್ಞೆಗಳನ್ನು ಯಾವ ಯಾವ ಕಡತಕೋಶಗಳಲ್ಲಿ ಹುಡುಕಬೇಕು ಎಂದು ಹೇಳುವ ‘ಪಾಥ್’ ಕೂಡ ನಿಮ್ಮದೇ. ಸಾಮಾನ್ಯ ಬಳಕೆದಾರರ ಪಾಥ್‌ನಲ್ಲಿ ಡೆಬಿಯನ್ ‘/ಯುಎಸ್‌ಆರ್/ಎಸ್‌ಬಿನ್’ ಸೇರಿಸುವುದಿಲ್ಲ, ‘ಯೂಸರ್‌ಆ್ಯಡ್’ ಇರುವುದು ಅಲ್ಲಿ. ‘ಸು’ ಪಕ್ಕದಲ್ಲಿ ಒಂದು ಜಾಗ ಬಿಟ್ಟು ಒಂದು ಅಡ್ಡಗೆರೆ ಹಾಕಿ: ‘ಸು -’. ಆಗ ರೂಟ್ ಹೊಸದಾಗಿ ಲಾಗಿನ್ ಆದಂತೆಯೇ ಆಗುತ್ತದೆ. ಪಾಥ್, ಮನೆ ಕಡತಕೋಶ, ಶೆಲ್‌ನ ಆರಂಭಿಕ ಕಡತಗಳು ಎಲ್ಲವೂ ರೂಟ್‌ನವೇ ಆಗಿರುತ್ತವೆ.

2019ರಲ್ಲಿ ಡೆಬಿಯನ್ 10 ಬಂದಾಗ ಈ ಗೊಂದಲಕ್ಕೆ ಸಿಕ್ಕಿದವರು ಬಹಳ. ಅಲ್ಲಿಯವರೆಗೆ ಡೆಬಿಯನ್‌ನ ‘ಸು’ ಶ್ಯಾಡೋ ಪೊಟ್ಟಣದಿಂದ ಬರುತ್ತಿತ್ತು, ಅಡ್ಡಗೆರೆ ಇಲ್ಲದಿದ್ದರೂ ಪಾಥ್ ಬದಲಿಸುತ್ತಿತ್ತು. ಆ ಆವೃತ್ತಿಯಿಂದ ಯುಟಿಲ್-ಲಿನಕ್ಸ್ ಪೊಟ್ಟಣದ ‘ಸು’ ಬಂದಿತು, ಅದು ಬದಲಿಸುವುದಿಲ್ಲ. ಹಳೆಯ ಪಾಠಗಳನ್ನು ಓದಿ ಹೊಸ ಯಂತ್ರದ ಮುಂದೆ ಕುಳಿತವರಿಗೆ ಇಂದಿಗೂ ಇದೇ ಅನುಭವ.

ಹಳೆಯ ಪರಿಸರ ಹೊತ್ತುಕೊಂಡು ರೂಟ್ ಆಗುವುದು ಸುರಕ್ಷತೆಯ ದೃಷ್ಟಿಯಿಂದಲೂ ಒಳ್ಳೆಯದಲ್ಲ. ನಿಮ್ಮ ಪಾಥ್‌ನ ಮೊದಲಲ್ಲಿ ಇತರರು ಬರೆಯಬಲ್ಲ ಕಡತಕೋಶವೊಂದು ಇದ್ದರೆ, ಅಲ್ಲಿ ಯಾರಾದರೂ, ಕಡತಗಳ ಪಟ್ಟಿ ತೋರಿಸುವ ಆಜ್ಞೆಯಾದ ‘ಎಲ್‌ಎಸ್’ ಎಂಬ ಹೆಸರಿನಲ್ಲೇ ಬೇರೊಂದು ಸ್ಕ್ರಿಪ್ಟ್ ಇಟ್ಟಿರಬಹುದು. ಆಗ ಅದನ್ನು ರೂಟ್‌ನ ಅಧಿಕಾರದಲ್ಲಿ ಓಡಿಸಿದವರು ನೀವೇ ಆಗುತ್ತೀರಿ.

ಲ್ಯಾಬ್ ಸಹಾಯಕಿ

ಕೆಲಸ ಮಾಡಿತು, ಧನ್ಯವಾದ. ಇನ್ನು ದೊಡ್ಡ ಪ್ರಶ್ನೆ. ಖಾತೆಗಳನ್ನು ತೆರೆದರೂ ಅಧ್ಯಾಪಕರು ತಂತ್ರಾಂಶ ಹಾಕಿಕೊಳ್ಳಬೇಕೆಂದರೆ ಅದೇ ರೂಟ್ ಪಾಸ್‌ವರ್ಡ್ ಕೊಡಬೇಕಲ್ಲ? ಹಾಗಾದರೆ ಏನು ಬದಲಾದಂತಾಯಿತು?

ಕಡತ ಕಾವಲು

ಎಲ್ಲವೂ ನಿಂತಿರುವುದು ಈ ಪ್ರಶ್ನೆಯ ಮೇಲೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

‘ಸು’ ಕೇಳುವುದು ನೀವು ಯಾರಾಗಬೇಕೋ ಅವರ ಪಾಸ್‌ವರ್ಡನ್ನು. ಒಂದೊಂದು ಆಜ್ಞೆಯನ್ನು ರೂಟ್ ಅಧಿಕಾರದಲ್ಲಿ ಓಡಿಸಲು ಬಿಡುವ ‘ಸುಡೊ’ ಕೇಳುವುದು ನಿಮ್ಮದೇ ಪಾಸ್‌ವರ್ಡನ್ನು. ಈ ಒಂದು ವ್ಯತ್ಯಾಸದಿಂದ ಆಡಳಿತದ ಸ್ವರೂಪವೇ ಬದಲಾಗುತ್ತದೆ. ಮೊದಲನೆಯದರಲ್ಲಿ ಹತ್ತು ಜನ ಒಂದು ಗುಟ್ಟನ್ನು ಹಂಚಿಕೊಳ್ಳಬೇಕು. ಅವರಲ್ಲಿ ಒಬ್ಬರು ಕೆಲಸ ಬಿಟ್ಟರೆ ಉಳಿದವರೆಲ್ಲರೂ ಹೊಸ ಗುಟ್ಟು ಕಲಿಯಬೇಕು. ಎರಡನೆಯದರಲ್ಲಿ ಯಾರೂ ಏನನ್ನೂ ಹಂಚಿಕೊಳ್ಳುವುದಿಲ್ಲ, ಯಾರಿಗೆ ಏನು ಮಾಡಲು ಅನುಮತಿ ಎಂಬುದು ‘ಸುಡೋಯರ್ಸ್’ ಎಂಬ ಒಂದು ಕಡತದಲ್ಲಿ ಬರೆದಿರುತ್ತದೆ.

‘ಸು’ ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್‌ನಷ್ಟೇ ಹಳೆಯದು, 1971ರ ಮೊದಲ ಕೈಪಿಡಿಯಲ್ಲೇ ಇದೆ. ‘ಸುಡೊ’ ಹುಟ್ಟಿದ್ದು 1980ರ ಸುಮಾರಿಗೆ, ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಬಫಲೋ ಶಾಖೆಯ ಗಣಕ ವಿಜ್ಞಾನ ವಿಭಾಗದಲ್ಲಿ. ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಅದನ್ನು ಬರೆದದ್ದು ವ್ಯಾಕ್ಸ್-11/750 ಯಂತ್ರದ ಮೇಲೆ. ಹಲವರು ಒಂದೇ ಯಂತ್ರವನ್ನು ಬಳಸುವ ಕಾಲೇಜು ವಿಭಾಗವೇ ಅದರ ತವರು ಎಂಬುದನ್ನು ಗಮನಿಸಿ, ನಿಮ್ಮ ತೊಂದರೆ ಅವರಿಗೂ ಅಪರಿಚಿತವಾಗಿರಲಾರದು.

ಈಗ ನಿಮ್ಮ ಯಂತ್ರಗಳ ವಿಷಯ. ಡೆಬಿಯನ್ ಸ್ಥಾಪಿಸುವಾಗ ರೂಟ್ ಪಾಸ್‌ವರ್ಡ್ ಕೊಟ್ಟರೆ ಮೊದಲ ಬಳಕೆದಾರರಿಗೆ ‘ಸುಡೊ’ ಅಧಿಕಾರ ಬರುವುದಿಲ್ಲ. ಆ ಜಾಗವನ್ನು ಖಾಲಿ ಬಿಟ್ಟರೆ ಬರುತ್ತದೆ, ರೂಟ್ ಖಾತೆಗೆ ಬೀಗ ಬೀಳುತ್ತದೆ. ಡೆಬಿಯನ್ ಆಧಾರಿತ ಉಬುಂಟು 2004ರ ಮೊದಲ ಬಿಡುಗಡೆಯಿಂದಲೂ ಈ ಎರಡನೆಯ ದಾರಿಯನ್ನೇ ಹಿಡಿದಿದೆ. ನಿಮ್ಮಲ್ಲಿ ಮೊದಲನೆಯದು ಆಗಿದೆ. ಹಾಗಾಗಿ ‘ಸು -’ ಮೂಲಕ ರೂಟ್ ಆಗಿ ಸುಡೊ ಪೊಟ್ಟಣ ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿ, ಅಧ್ಯಾಪಕರನ್ನು ‘ಸುಡೊ’ ಗುಂಪಿಗೆ ಸೇರಿಸಿ. ಆಜ್ಞೆ ‘ಯೂಸರ್‌ಮಾಡ್ -ಎಜಿ ಸುಡೊ’, ಆಮೇಲೆ ಖಾತೆಯ ಹೆಸರು. ಇಲ್ಲಿ ಚಿಕ್ಕಕ್ಷರದ ‘ಎ’ ಬಿಡಲೇಬೇಡಿ. ಅದು ಇದ್ದರೆ ಗುಂಪು ಸೇರಿಕೊಳ್ಳುತ್ತದೆ. ಇಲ್ಲದಿದ್ದರೆ ಆ ಬಳಕೆದಾರರು ಉಳಿದ ಎಲ್ಲ ಹೆಚ್ಚುವರಿ ಗುಂಪುಗಳಿಂದ ಹೊರಬಿದ್ದು ಇದೊಂದರಲ್ಲಿ ಮಾತ್ರ ಉಳಿಯುತ್ತಾರೆ. ಸೇರಿಸಿದ ಮೇಲೆ ಅವರು ಒಮ್ಮೆ ಲಾಗ್‌ಔಟ್ ಆಗಿ ಬರಬೇಕು.

ಸುಡೋಯರ್ಸ್ ಕಡತವನ್ನು ಮಾತ್ರ ಸಾಮಾನ್ಯ ಎಡಿಟರ್‌ನಲ್ಲಿ ತೆರೆಯಬೇಡಿ. ಅದಕ್ಕೆಂದೇ ‘ವಿಸುಡೊ’ ಇದೆ. ಉಳಿಸುವ ಮೊದಲು ಅದು ವ್ಯಾಕರಣ ಪರೀಕ್ಷಿಸುತ್ತದೆ. ಒಂದು ಅಲ್ಪವಿರಾಮ ತಪ್ಪಿ, ರೂಟ್ ಖಾತೆಗೂ ಬೀಗ ಇದ್ದರೆ, ಆ ಯಂತ್ರಕ್ಕೆ ಒಳಹೋಗಲು ಮರುಪ್ರಾರಂಭದ ಸರ್ಕಸ್ಸೇ ಬೇಕಾಗುತ್ತದೆ.

ಡಬ್ಲಿನ್ ಕನ್ನಡಿಗ

ಸುಡೊವನ್ನು ಇಷ್ಟು ನಿಶ್ಚಿಂತೆಯಿಂದ ಹೊಗಳುವುದನ್ನು ನಾನು ಒಪ್ಪುವುದಿಲ್ಲ. ಅದು ದೊಡ್ಡ ತಂತ್ರಾಂಶ, ಅದರ ಬಹುಪಾಲು ಸೌಲಭ್ಯಗಳು ನಮಗೆ ಬೇಕಾಗಿಯೇ ಇಲ್ಲ. 2021ರ ಜನವರಿಯಲ್ಲಿ ಕ್ವಾಲಿಸ್ ಎಂಬ ಸುರಕ್ಷತಾ ಸಂಸ್ಥೆ ಹೊರಗೆಡವಿದ ದೋಷವನ್ನು ನೆನಪಿಸಿಕೊಳ್ಳಿ. ಸುಡೋಯರ್ಸ್‌ನಲ್ಲಿ ಹೆಸರೇ ಇಲ್ಲದ ಸಾಮಾನ್ಯ ಬಳಕೆದಾರರೂ ಅದರಿಂದ ರೂಟ್ ಆಗಬಹುದಿತ್ತು. ಆ ದೋಷ 2011ರಿಂದ ಅಲ್ಲೇ ಇತ್ತು, ಸುಮಾರು 10 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಯೂನಿಕ್ಸ್ ವಂಶದ ಇನ್ನೊಂದು ವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯವರು ಇದೇ ಭಾರದ ಕಾರಣಕ್ಕೆ 2015ರಲ್ಲಿ 5.8ನೇ ಆವೃತ್ತಿಯೊಂದಿಗೆ ಸುಡೊಗೆ ಬದಲಾಗಿ ‘ಡೂಆ್ಯಸ್’ ತಂದರು. ಅದರ ನಿಯಮ ಒಂದೇ ಸಾಲಿನದು, ಓದಿದರೆ ಅರ್ಥವಾಗುತ್ತದೆ. ಡೆಬಿಯನ್‌ನಲ್ಲೂ ಸಿಗುತ್ತದೆ.

ಇನ್ನೊಂದು ಮಾತು. ‘ಸು’ ಬಳಸಿದರೆ ದಾಖಲೆ ಇರುವುದಿಲ್ಲ ಎಂಬ ಭಾವನೆ ತಪ್ಪು. ಯಾವ ಖಾತೆಯಿಂದ ಯಾರು ರೂಟ್ ಆದರು ಎಂಬುದನ್ನು ‘ಸು’ ಕೂಡ ಲಾಗ್‌ನಲ್ಲಿ ಬರೆಯುತ್ತದೆ. ಹೆಸರು ಅಳಿಸಿಹೋಗುವುದು ಜನ ನೇರವಾಗಿ ರೂಟ್ ಎಂದೇ ಲಾಗಿನ್ ಆದಾಗ. ಇತ್ತ ‘ಸುಡೊ -ಐ’ ಕೊಟ್ಟು ರೂಟ್ ಶೆಲ್ ತೆರೆದು ಕುಳಿತರೆ ಸುಡೊ ದಾಖಲೆಯಲ್ಲೂ ಶೆಲ್ ತೆರೆದದ್ದಷ್ಟೇ ಉಳಿಯುತ್ತದೆ, ಒಳಗೆ ಏನು ಮಾಡಿದರು ಎಂಬುದು ಉಳಿಯುವುದಿಲ್ಲ.

ಕಡತ ಕಾವಲು

ಲಾಗ್ ಕುರಿತ ನಿಮ್ಮ ಮಾತು ಪೂರ್ತಿ ಸರಿ. ಆದ್ದರಿಂದಲೇ ಪ್ರತಿ ಆಜ್ಞೆಯ ಮುಂದೆಯೂ ‘ಸುಡೊ’ ಎಂದು ಬರೆಯುವ ಅಭ್ಯಾಸವನ್ನು ಅಧ್ಯಾಪಕರಿಗೆ ಹೇಳಿಕೊಡಬೇಕು. ದೋಷದ ವಿಷಯದಲ್ಲಿ ನನ್ನ ನಿಲುವು ಬೇರೆ. ದೋಷ ಪತ್ತೆಯಾದರೆ ತೇಪೆ ಬರುತ್ತದೆ, ಹಾಕಿಕೊಳ್ಳಬಹುದು. ಹತ್ತು ಜನರಿಗೆ ಗೊತ್ತಾದ ಪಾಸ್‌ವರ್ಡ್‌ಗೆ ತೇಪೆ ಇಲ್ಲ. ಉಬುಂಟು 25.10ರಲ್ಲಂತೂ ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದ ಸುಡೊ ಬಂದಿದೆ. ನೀವು ಹೇಳುವ ಬಗೆಯ ಮೆಮೊರಿ ದೋಷಗಳನ್ನು ತಡೆಯುವುದು ಅದರ ಉದ್ದೇಶಗಳಲ್ಲಿ ಒಂದು.

ಮುಕ್ತ ತಂತ್ರಾಂಶಿ

ಇದರ ಹಿಂದೆ ಒಂದು ತಾತ್ವಿಕ ಜಗಳವೂ ಇದೆ. ಓಪನ್‌ಬಿಎಸ್‌ಡಿಯಂಥ ಬಿಎಸ್‌ಡಿ ವ್ಯವಸ್ಥೆಗಳಲ್ಲಿ ‘ವೀಲ್’ ಗುಂಪಿನಲ್ಲಿ ಇಲ್ಲದವರು ಪಾಸ್‌ವರ್ಡ್ ಗೊತ್ತಿದ್ದರೂ ‘ಸು’ ಮೂಲಕ ರೂಟ್ ಆಗುವಂತಿಲ್ಲ. ಮುಕ್ತ ತಂತ್ರಾಂಶದ ಗ್ನೂ ಯೋಜನೆಯ ‘ಸು’ ಈ ತಡೆಯನ್ನು ಬೇಕೆಂದೇ ಕೈಬಿಟ್ಟಿತ್ತು, ಕಾರಣವನ್ನು ಅದರ ಸ್ಥಾಪಕ ರಿಚರ್ಡ್ ಸ್ಟಾಲ್‌ಮನ್ ಕೈಪಿಡಿಯಲ್ಲೇ ಬರೆದಿದ್ದರು. 1984ರಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಕೆಲವರು ಆಪರೇಟರ್ ಪಾಸ್‌ವರ್ಡ್ ಬದಲಿಸಿ, ಉಳಿದವರಿಂದ ಮುಚ್ಚಿಟ್ಟು, ಯಂತ್ರದ ಮೇಲಿನ ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ಸಾಮಾನ್ಯ ಬಳಕೆದಾರರ ಮೇಲೆ ಅನುಕಂಪವಿರುವ ಯಾರಾದರೂ ಪಾಸ್‌ವರ್ಡ್ ತಿಳಿಸಿದರೆ ಅದು ಎಲ್ಲರಿಗೂ ಉಪಯೋಗಕ್ಕೆ ಬರಬೇಕು, ‘ವೀಲ್’ ಗುಂಪು ಅದನ್ನು ತಡೆಯುತ್ತದೆ ಎಂಬುದು ಅವರ ವಾದ.

ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಕಾಲೇಜಿನಲ್ಲಿ ವಿದ್ಯಾರ್ಥಿಗಳನ್ನು ಕಳ್ಳರಂತೆ ಕಾಣುವ ಅಡ್ಮಿನ್‌ಗಳನ್ನು ನೋಡಿದ್ದೇನೆ. ಪ್ರಯೋಗ ಮಾಡಬಯಸುವವರಿಗೆ ಒಂದೆರಡು ಯಂತ್ರಗಳನ್ನು, ಇಲ್ಲವೇ ವರ್ಚುವಲ್ ಯಂತ್ರಗಳನ್ನು, ಪೂರ್ಣ ರೂಟ್ ಅಧಿಕಾರದೊಂದಿಗೆ ಬಿಟ್ಟುಕೊಡಿ. ಅವರು ಕಲಿಯುವುದು ಹಾಗೆಯೇ.

ಲ್ಯಾಬ್ ಸಹಾಯಕಿ

ಈ ಸಲಹೆ ತುಂಬಾ ಹಿಡಿಸಿತು. ಮೂಲೆಯಲ್ಲಿ ಬಳಸದೇ ಇರುವ ಹಳೆಯ ಯಂತ್ರಗಳಿವೆ.

ಐದನೇ ಸೆಮಿಸ್ಟರ್

ನಾನು ವಿದ್ಯಾರ್ಥಿ, ಒಂದು ಸಂದೇಹ. ಪಾಸ್‌ವರ್ಡ್‌ಗಳು ಇರುವ ‘/ಇಟಿಸಿ/ಶ್ಯಾಡೋ’ ಕಡತವನ್ನು ನಾನು ಓದಲೂ ಆಗುವುದಿಲ್ಲ. ಆದರೆ ‘ಪಾಸ್‌ಡಬ್ಲ್ಯುಡಿ’ ಆಜ್ಞೆ ಕೊಟ್ಟು ನನ್ನ ಪಾಸ್‌ವರ್ಡ್ ಬದಲಿಸಬಹುದು, ಅಂದರೆ ಆ ಕಡತಕ್ಕೆ ಬರೆದಂತೆಯೇ ಆಯಿತು. ಇದು ಹೇಗೆ ಸಾಧ್ಯ?

ಕಡತ ಕಾವಲು

‘ಎಲ್‌ಎಸ್ -ಎಲ್ /ಯುಎಸ್‌ಆರ್/ಬಿನ್/ಪಾಸ್‌ಡಬ್ಲ್ಯುಡಿ’ ಕೊಟ್ಟು ನೋಡು. ಅನುಮತಿಗಳ ಸಾಲಿನಲ್ಲಿ ಮಾಲೀಕರ ‘ಎಕ್ಸ್’ ಇರಬೇಕಾದಲ್ಲಿ ‘ಎಸ್’ ಇರುತ್ತದೆ. ಅದೇ ಸೆಟ್‌ಯುಐಡಿ ಬಿಟ್. ಆ ಗುರುತಿರುವ ಪ್ರೋಗ್ರಾಂ ಓಡುವುದು ಅದನ್ನು ಓಡಿಸಿದವರ ಅಧಿಕಾರದಲ್ಲಿ ಅಲ್ಲ, ಕಡತದ ಮಾಲೀಕರ ಅಧಿಕಾರದಲ್ಲಿ. ಇಲ್ಲಿ ಮಾಲೀಕ ರೂಟ್. ಆದರೆ ನಿನ್ನ ನಿಜವಾದ ಗುರುತಿನ ಸಂಖ್ಯೆಯೂ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಬಳಿ ಉಳಿದಿರುತ್ತದೆ. ಪ್ರೋಗ್ರಾಂ ಅದನ್ನು ನೋಡಿ ‘ಇವನು ತನ್ನ ಸಾಲನ್ನು ಮಾತ್ರ ಬದಲಿಸಬಹುದು, ಅದೂ ಹಳೆಯ ಪಾಸ್‌ವರ್ಡ್ ಹೇಳಿದರೆ’ ಎಂದು ತೀರ್ಮಾನಿಸುತ್ತದೆ. ‘ಸು’ ಮತ್ತು ‘ಸುಡೊ’ ಎರಡೂ ನಿಂತಿರುವುದು ಇದೇ ಬಿಟ್‌ನ ಮೇಲೆ. ಇದನ್ನು ಕಂಡುಹಿಡಿದವರು ಯೂನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಡೆನಿಸ್ ರಿಚಿ. ಬೆಲ್ ಲ್ಯಾಬ್ಸ್ ಇದಕ್ಕೆ 1973ರಲ್ಲಿ ಪೇಟೆಂಟ್ ಅರ್ಜಿ ಹಾಕಿ, 1979ರಲ್ಲಿ ಪಡೆದು, ಮುಂದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು.

ಮೊದಲು ಶ್ಯಾಡೋ ಕಡತವೇ ಇರಲಿಲ್ಲ. ‘/ಇಟಿಸಿ/ಪಾಸ್‌ಡಬ್ಲ್ಯುಡಿ’ಯ ಪ್ರತಿ ಸಾಲಿನಲ್ಲಿ ಏಳು ಅಂಕಣಗಳಿವೆ. ಎರಡನೆಯದರಲ್ಲಿ ಈಗ ಬರೀ ‘ಎಕ್ಸ್’ ಇದೆಯಲ್ಲ, ಪಾಸ್‌ವರ್ಡ್‌ನ ಹ್ಯಾಶ್ (ಮೂಲಕ್ಕೆ ಮರಳಿಸಲಾಗದಂತೆ ಬದಲಿಸಿದ ರೂಪ) ಅಲ್ಲೇ ಇರುತ್ತಿತ್ತು. ಬಳಕೆದಾರರ ಹೆಸರು ತಿಳಿಯಲು ಎಲ್ಲ ಪ್ರೋಗ್ರಾಂಗಳೂ ಆ ಕಡತವನ್ನು ಓದಬೇಕು, ಆದ್ದರಿಂದ ಹ್ಯಾಶ್ ಎಲ್ಲರಿಗೂ ಕಾಣುತ್ತಿತ್ತು. ಗಣಕಗಳು ನಿಧಾನವಾಗಿದ್ದಾಗ ಅದು ನಡೆಯಿತು, ವೇಗವಾದ ಮೇಲೆ ಹ್ಯಾಶ್‌ಗಳನ್ನು ಶ್ಯಾಡೋ ಕಡತಕ್ಕೆ ಸಾಗಿಸಬೇಕಾಯಿತು. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ತಮ್ಮ ಪ್ರಬಂಧದಲ್ಲಿ ಈ ಹ್ಯಾಶ್ ವಿಧಾನವನ್ನು ವಿವರಿಸಿದರು. ಡಿಇಎಸ್ ಗೂಢಲಿಪಿಯನ್ನು 25 ಬಾರಿ ಸುತ್ತಿಸುವುದು, ಜೊತೆಗೆ ‘ಸಾಲ್ಟ್’ ಎಂಬ 12 ಬಿಟ್‌ಗಳ ಯಾದೃಚ್ಛಿಕ ಸಂಖ್ಯೆಯನ್ನು ಬೆರೆಸುವುದು. ಈ ಸಾಲ್ಟ್‌ನಿಂದ ಒಂದೇ ಪಾಸ್‌ವರ್ಡ್ 4096 ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಳ್ಳಬಹುದು. ಪಾಸ್‌ವರ್ಡ್‌ನ ಮೊದಲ 8 ಅಕ್ಷರಗಳಷ್ಟೇ ಲೆಕ್ಕಕ್ಕೆ ಬರುತ್ತಿದ್ದವು.

ಥಾಂಪ್ಸನ್ ಅವರ ಸ್ವಂತ ಪಾಸ್‌ವರ್ಡ್‌ನ ಹ್ಯಾಶ್ ಹಳೆಯ ಬಿಎಸ್‌ಡಿ ಕಡತವೊಂದರಲ್ಲಿ ಉಳಿದಿತ್ತು. 2019ರಲ್ಲಿ ಅದನ್ನು ಒಡೆದಾಗ ಸಿಕ್ಕಿದ್ದು ಚದುರಂಗದ ಒಂದು ನಡೆ: ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುವುದನ್ನು ಹಳೆಯ ಸಂಕೇತದಲ್ಲಿ ಬರೆದು, ಕೊನೆಗೆ ಒಂದು ಉದ್ಗಾರ ಚಿಹ್ನೆ. ಎಣಿಸಿದರೆ ಸರಿಯಾಗಿ 8 ಅಕ್ಷರ. ಆಧುನಿಕ ಗ್ರಾಫಿಕ್ಸ್ ಕಾರ್ಡಿಗೂ ನಾಲ್ಕು ದಿನಕ್ಕಿಂತ ಹೆಚ್ಚು ಬೇಕಾಯಿತು. ನಾಲ್ಕು ದಶಕಗಳ ಹಿಂದಿನ ಪಾಸ್‌ವರ್ಡ್‌ಗೆ ಇದು ಸಣ್ಣ ಗೌರವವೇನಲ್ಲ.

ಹುಬ್ಬಳ್ಳಿ ಅಡ್ಮಿನ್

ಈ ಕಥೆಗೆ ಸೇರಬೇಕಾದ ಇನ್ನೊಂದು ತುಣುಕು. 1988ರ ನವೆಂಬರ್ 2ರಂದು ಇಂಟರ್ನೆಟ್‌ನಲ್ಲಿ ಹರಡಿದ ಮೊದಲ ದೊಡ್ಡ ಹುಳವನ್ನು (ತಾನಾಗಿಯೇ ಹರಡುವ ಪ್ರೋಗ್ರಾಂ) ಬರೆದದ್ದು ಅದೇ ಮಾರಿಸ್ ಅವರ ಮಗ. ಆ ಹುಳ ಪ್ರತಿ ಖಾತೆಯ ಹೆಸರನ್ನೇ ಪಾಸ್‌ವರ್ಡ್ ಆಗಿ ಪ್ರಯತ್ನಿಸುತ್ತಿತ್ತು, ಆಮೇಲೆ ಹೆಸರನ್ನು ಹಿಂದುಮುಂದಾಗಿ, ಆಮೇಲೆ ತನ್ನೊಳಗಿನ 432 ಪದಗಳ ಪಟ್ಟಿಯನ್ನು.

ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯೇ ಖಾತೆಯ ಹೆಸರು, ಅದೇ ಪಾಸ್‌ವರ್ಡ್ ಕೂಡ. 1988ರ ಹುಳಕ್ಕೆ ಇಂದಿಗೂ ಬಾಗಿಲು ತೆರೆದಿಟ್ಟಂತೆ. ದಯವಿಟ್ಟು ಇದನ್ನು ನಿಲ್ಲಿಸಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಆರಂಭಿಕ ಪಾಸ್‌ವರ್ಡ್ ಹುಟ್ಟಿಸಿ ‘ಸಿಎಚ್‌ಪಾಸ್‌ಡಬ್ಲ್ಯುಡಿ’ಗೆ ಉಣಿಸಿ, ನಂತರ ‘ಚೇಜ್ -ಡಿ 0’ ಕೊಡಿ. ಮೊದಲ ಲಾಗಿನ್‌ನಲ್ಲೇ ಹೊಸ ಪಾಸ್‌ವರ್ಡ್ ಇಡುವಂತೆ ಯಂತ್ರವೇ ಒತ್ತಾಯಿಸುತ್ತದೆ. ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲಿ ಬರೆಯಬೇಡಿ, ಅದು ಶೆಲ್‌ನ ಇತಿಹಾಸದಲ್ಲೂ ಪ್ರೊಸೆಸ್ ಪಟ್ಟಿಯಲ್ಲೂ ಕಾಣುತ್ತದೆ.

ಮಲೆನಾಡ ಬರಹಗಾರ್ತಿ

ವಿಷಯಾಂತರವಾದರೆ ಕ್ಷಮಿಸಿ. ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲೇ ಇಡಬಹುದೇ? ಊಹಿಸುವುದು ಕಷ್ಟ, ನೆನಪಿಡುವುದು ಸುಲಭ ಅಲ್ಲವೇ?

ಡಬ್ಲಿನ್ ಕನ್ನಡಿಗ

ವಿಷಯಾಂತರವೇನಲ್ಲ, ಒಳ್ಳೆಯ ಪ್ರಶ್ನೆ. ಲಾಗಿನ್ ಪಾಸ್‌ವರ್ಡ್‌ಗೆ ಮಾತ್ರ ಬೇಡ ಎನ್ನುತ್ತೇನೆ, ಮೂರು ಕಾರಣಗಳಿಗೆ.

ಚಿತ್ರಾತ್ಮಕ ಪರದೆ ಕೈಕೊಟ್ಟು ಕಪ್ಪು ಕನ್ಸೋಲ್‌ಗೆ ಬಂದರೆ ಅಲ್ಲಿ ಕನ್ನಡ ಕೀಲಿಮಣೆ ಇರುವುದಿಲ್ಲ. ಯಂತ್ರ ಕೆಟ್ಟಾಗಲೇ ಒಳಹೋಗಲಾಗದ ಸ್ಥಿತಿ ಬರುತ್ತದೆ.

ಎರಡನೆಯದು ಸೂಕ್ಷ್ಮ. ‘ಕೋ’ ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ‘ಕ’ದ ನಂತರ ಓತ್ವದ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಬಿಡಿಬಿಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹ್ಯಾಶ್‌ಗೆ ಅವು ಎರಡು ಬೇರೆ ಪಾಸ್‌ವರ್ಡ್‌ಗಳು. ಒಂದು ಯಂತ್ರದ ಕೀಲಿಮಣೆ ತಂತ್ರಾಂಶ ಒಂದು ಬಗೆಯಲ್ಲಿ, ಇನ್ನೊಂದರದ್ದು ಮತ್ತೊಂದು ಬಗೆಯಲ್ಲಿ ಮೂಡಿಸಿದರೆ ನೀವು ಸರಿಯಾಗಿಯೇ ಬರೆದರೂ ಬಾಗಿಲು ತೆರೆಯುವುದಿಲ್ಲ. ಅಕ್ಷರಗಳ ನಡುವೆ ಸೇರಿಕೊಳ್ಳುವ ಶೂನ್ಯ ಅಗಲದ ಕಾಣದ ಸಂಕೇತಗಳದ್ದೂ ಇದೇ ಕಥೆ.

ಮೂರನೆಯದು ಉದ್ದ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಹಳೆಯ 8 ಬೈಟ್‌ಗಳ ಹ್ಯಾಶ್‌ನಲ್ಲಾದರೆ ಮೂರನೆಯ ಸಂಕೇತ ಮುಗಿಯುವುದರೊಳಗೇ ಜಾಗ ಖಾಲಿ. ಬಿಕ್ರಿಪ್ಟ್ ಎಂಬ ಇನ್ನೊಂದು ಹ್ಯಾಶ್ ವಿಧಾನದಲ್ಲಿ 72 ಬೈಟ್ ಮಿತಿ, ಅಂದರೆ 24 ಸಂಕೇತ. ಗುಣಿತ ಚಿಹ್ನೆ, ಒತ್ತಕ್ಷರ ಎಲ್ಲ ಸೇರಿ ಅದು ಬೇಗ ಮುಗಿಯುತ್ತದೆ.

ನನ್ನ ದಾರಿ ಹೀಗೆ. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು. ಪದಗಳನ್ನು ನಿಘಂಟಿನ ಪುಟಗಳನ್ನು ಕಣ್ಣುಮುಚ್ಚಿ ತೆರೆದು ಆರಿಸಿಕೊಳ್ಳಿ. ಗಾದೆ, ವಚನ, ಹಾಡಿನ ಸಾಲು ಬೇಡ. ನಿಮಗೆ ಬಾಯಿಪಾಠ ಇದ್ದದ್ದು ಊಹಿಸುವವರಿಗೂ ಇರುತ್ತದೆ.

ಮಲೆನಾಡ ಬರಹಗಾರ್ತಿ

‘ಕೋ’ ವಿಷಯ ಗೊತ್ತೇ ಇರಲಿಲ್ಲ. ದಾಖಲೆಗಳಲ್ಲಿ ಪದ ಹುಡುಕಿದಾಗ ಕಣ್ಣೆದುರು ಇದ್ದದ್ದೂ ಸಿಗದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಲ್ಯಾಬ್ ಸಹಾಯಕಿ

ಆಡಳಿತ ಮಂಡಳಿಯವರು 30 ದಿನಕ್ಕೊಮ್ಮೆ ಎಲ್ಲರ ಪಾಸ್‌ವರ್ಡ್ ಬದಲಾಗಲೇಬೇಕು ಎನ್ನುತ್ತಿದ್ದಾರೆ. ‘ಚೇಜ್ -ಎಂ 30’ ಕೊಟ್ಟರೆ ಆಗುತ್ತದೆ ಎಂದು ಗೊತ್ತು. ಮಾಡಬೇಕೇ?

ಕಡತ ಕಾವಲು

ಬೇಡ, ಮತ್ತು ಬೇಡವೆಂದು ಹೇಳಲು ನಿಮ್ಮ ಬಳಿ ಆಧಾರವಿದೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರ ಮಾರ್ಗಸೂಚಿಯಲ್ಲಿಯೇ ನಿಗದಿತ ಅವಧಿಗೊಮ್ಮೆ ಬದಲಿಸುವ ಒತ್ತಾಯ ಬೇಡ, ಸೋರಿಕೆಯಾದ ಸುಳಿವಿದ್ದಾಗ ಬದಲಿಸಿ ಎಂದಿದೆ. ತಿಂಗಳಿಗೊಮ್ಮೆ ಬದಲಿಸಿ ಎಂದರೆ ಜನ ಹಳೆಯದರ ಕೊನೆಗೆ 1, 2, 3 ಸೇರಿಸುತ್ತಾರೆ, ಇಲ್ಲವೇ ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸುತ್ತಾರೆ. ಉದ್ದ ಕೇಳಿ, ಸೋರಿಕೆಯಾದ ಪಟ್ಟಿಗಳಲ್ಲಿರುವ ಪಾಸ್‌ವರ್ಡ್‌ಗಳನ್ನು ತಿರಸ್ಕರಿಸಿ.

ಆದರೆ ಒಮ್ಮೆ ಮಾತ್ರ ಎಲ್ಲರೂ ಬದಲಿಸುವುದು ಅಗತ್ಯವಿರಬಹುದು. ರೂಟ್ ಆಗಿ ಶ್ಯಾಡೋ ಕಡತ ನೋಡಿ. ಹ್ಯಾಶ್‌ನ ಆರಂಭದಲ್ಲಿ ಎರಡು ಡಾಲರ್ ಚಿಹ್ನೆಗಳ ನಡುವೆ 1 ಇದ್ದರೆ ಅದು ಎಂಡಿ5, ಇಂದಿಗೆ ತೀರಾ ದುರ್ಬಲ. 6 ಇದ್ದರೆ ಎಸ್‌ಎಚ್‌ಎ-512. ‘ವೈ’ ಇದ್ದರೆ ಯೆಸ್‌ಕ್ರಿಪ್ಟ್, 2021ರ ಡೆಬಿಯನ್ 11ರಿಂದ ಇದೇ ರೂಢಿ. ಡೆಬಿಯನ್ ಅನ್ನು ಮೇಲ್ದರ್ಜೆಗೇರಿಸಿದರೂ ಹಳೆಯ ಹ್ಯಾಶ್‌ಗಳು ತಾವಾಗಿ ಬದಲಾಗುವುದಿಲ್ಲ, ಏಕೆಂದರೆ ಮೂಲ ಪಾಸ್‌ವರ್ಡ್ ಯಂತ್ರಕ್ಕೂ ಗೊತ್ತಿಲ್ಲ. ಹ್ಯಾಶ್‌ನ ಮುಂದಿನ ಅಂಕಣ ಪಾಸ್‌ವರ್ಡ್ ಕೊನೆಯ ಬಾರಿ ಬದಲಾದ ದಿನ, 1970ರ ಜನವರಿ 1ರಿಂದ ಎಣಿಸಿದ್ದು. ಅಲ್ಲಿ 20000 ಎಂದಿದ್ದರೆ 2024ರ ಅಕ್ಟೋಬರ್ 4.

ಐದನೇ ಸೆಮಿಸ್ಟರ್

ಇಷ್ಟೆಲ್ಲ ಮಾಡಿದರೂ ಬೂಟ್ ಆಗುವಾಗ, ವ್ಯವಸ್ಥೆಯನ್ನು ಶುರುಮಾಡುವ ಗ್ರಬ್ ಪರದೆಯಲ್ಲಿ ಕರ್ನಲ್ ಸಾಲಿಗೆ ‘ಇನಿಟ್=/ಬಿನ್/ಬ್ಯಾಶ್’ ಸೇರಿಸಿದರೆ ಪಾಸ್‌ವರ್ಡ್ ಇಲ್ಲದೆ ರೂಟ್ ಸಿಗುತ್ತದೆಯಲ್ಲ?

ಹುಬ್ಬಳ್ಳಿ ಅಡ್ಮಿನ್

ಸಿಗುತ್ತದೆ. ಮರೆತ ರೂಟ್ ಪಾಸ್‌ವರ್ಡ್ ಬದಲಿಸಲು ನಾವೂ ಬಳಸುವ ದಾರಿ ಅದೇ. ಯಂತ್ರ ಕೈಗೆ ಸಿಕ್ಕವರನ್ನು ತಡೆಯಬೇಕಾದರೆ ಗ್ರಬ್‌ಗೂ ಬಯಾಸ್‌ಗೂ ಪಾಸ್‌ವರ್ಡ್ ಇಡಬೇಕು, ಡಿಸ್ಕ್ ತೆಗೆದೊಯ್ಯುವ ಭಯವಿದ್ದರೆ ಅದನ್ನು ಗೂಢಲಿಪೀಕರಿಸಬೇಕು. ಲ್ಯಾಬ್ ಯಂತ್ರಗಳಿಗೆ ಮೊದಲ ಎರಡು ಸಾಕು.

ಲ್ಯಾಬ್ ಸಹಾಯಕಿ

ಇಲ್ಲಿಯವರೆಗೆ ಆದದ್ದು: ಅಧ್ಯಾಪಕರೆಲ್ಲರಿಗೂ ಖಾತೆ ಮತ್ತು ಸುಡೊ. ರೂಟ್ ಖಾತೆಗೆ ಬೀಗ. ವಿದ್ಯಾರ್ಥಿಗಳಿಗೆ ಹೊಸ ಆರಂಭಿಕ ಪಾಸ್‌ವರ್ಡ್. ಹಳೆಯ ಎರಡು ಯಂತ್ರಗಳನ್ನು ಪ್ರಯೋಗಕ್ಕೆ ಬಿಟ್ಟಿದ್ದೇವೆ, ಅವುಗಳ ಮುಂದೆ ಈಗ ಸರತಿ.

ಎರಡು ವಿಷಯ ಉಳಿದಿವೆ. ಲ್ಯಾಬ್ ಅಟೆಂಡರ್‌ಗೆ ವಿದ್ಯಾರ್ಥಿಗಳ ಮರೆತ ಪಾಸ್‌ವರ್ಡ್ ಬದಲಿಸುವ ಅಧಿಕಾರ ಮಾತ್ರ ಕೊಡಬೇಕು. ಜೊತೆಗೆ, ಕೆಲಸ ಬಿಟ್ಟ ಅಧ್ಯಾಪಕರೊಬ್ಬರ ಖಾತೆಗೆ ‘ಪಾಸ್‌ಡಬ್ಲ್ಯುಡಿ -ಎಲ್’ ಕೊಟ್ಟಿದ್ದೇನೆ. ಅಷ್ಟು ಸಾಕೇ?

ಕಡತ ಕಾವಲು

ಎರಡನೆಯದು ಮೊದಲು. ಸಾಲದು. ಆ ಆಜ್ಞೆ ಹ್ಯಾಶ್‌ನ ಮುಂದೆ ಒಂದು ಉದ್ಗಾರ ಚಿಹ್ನೆ ಇಡುತ್ತದೆ ಅಷ್ಟೆ, ಪಾಸ್‌ವರ್ಡ್ ಹೊಂದುವುದು ನಿಲ್ಲುತ್ತದೆ. ಅವರು ಎಸ್‌ಎಸ್‌ಎಚ್ ಕೀಲಿ (ಪಾಸ್‌ವರ್ಡ್ ಇಲ್ಲದೆ ದೂರದಿಂದ ಲಾಗಿನ್ ಆಗಲು ಬಳಸುವ ಕಡತ) ಇಟ್ಟಿದ್ದರೆ ಅದರಿಂದ ಇನ್ನೂ ಒಳಬರಬಹುದು. ‘ಯೂಸರ್‌ಮಾಡ್’ಗೆ ಅವಧಿ ಮುಗಿಯುವ ದಿನವಾಗಿ 1 ಎಂದು ಕೊಡಿ, ಆಗ ಖಾತೆಯೇ 1970ರ ಜನವರಿ 2ಕ್ಕೆ ಮುಗಿದಂತಾಗಿ ಕೀಲಿಯೂ ನಡೆಯುವುದಿಲ್ಲ. ಅವರ ಹೆಸರಿನಲ್ಲಿ ಓಡುತ್ತಿರುವ ಪ್ರೊಸೆಸ್‌ಗಳಿದ್ದರೆ ಅವುಗಳನ್ನು ಬೇರೆಯಾಗಿ ನಿಲ್ಲಿಸಬೇಕು.

ಖಾತೆಯನ್ನು ಅಳಿಸಲು ಆತುರಪಡಬೇಡಿ. ಕಡತಗಳ ಮೇಲೆ ಮಾಲೀಕರ ಹೆಸರಿಲ್ಲ, ಸಂಖ್ಯೆ ಮಾತ್ರ ಇರುತ್ತದೆ. ಖಾತೆ ಅಳಿಸಿ, ಮುಂದೆ ಅದೇ ಸಂಖ್ಯೆ ಹೊಸಬರಿಗೆ ಹೋದರೆ ಹಳಬರ ಕಡತಗಳೆಲ್ಲ ಅವರ ಸೊತ್ತಾಗುತ್ತವೆ. ಅಳಿಸಲೇಬೇಕಾದರೆ, ಅಳಿಸಿದ ಕೂಡಲೇ ‘ಫೈಂಡ್ / -ನೋಯೂಸರ್’ ಕೊಟ್ಟು, ವಾರಸುದಾರರಿಲ್ಲದ ಕಡತಗಳನ್ನು ಆ ಸಂಖ್ಯೆ ಹೊಸಬರಿಗೆ ಹೋಗುವ ಮೊದಲೇ ವಿಲೇವಾರಿ ಮಾಡಿ.

ಅಟೆಂಡರ್ ವಿಷಯದಲ್ಲಿ ಎಚ್ಚರ. ‘ಪಾಸ್‌ಡಬ್ಲ್ಯುಡಿ’ಗೆ ಸುಮ್ಮನೆ ಸುಡೊ ಅನುಮತಿ ಕೊಟ್ಟರೆ ಅವರು ಅಧ್ಯಾಪಕರ ಪಾಸ್‌ವರ್ಡನ್ನೂ ಬದಲಿಸಿ, ಅವರಾಗಿ ಲಾಗಿನ್ ಆಗಿ, ಪೂರ್ಣ ರೂಟ್ ಆಗಬಹುದು. ರೂಟ್ ಹೆಸರನ್ನಷ್ಟೇ ನಿಷೇಧಿಸಿದರೆ ಈ ಹಿಂಬಾಗಿಲು ಮುಚ್ಚುವುದಿಲ್ಲ. ನಕ್ಷತ್ರ ಚಿಹ್ನೆಯ ನಮೂನೆಗಳನ್ನೂ ನಂಬಬೇಡಿ, ಸುಡೋಯರ್ಸ್‌ನಲ್ಲಿ ಅದು ಖಾಲಿ ಜಾಗಕ್ಕೂ ಹೊಂದುತ್ತದೆ. ರೂಟ್ ಮಾಲೀಕತ್ವದ ಒಂದು ಚಿಕ್ಕ ಸ್ಕ್ರಿಪ್ಟ್ ಬರೆಯಿರಿ. ಕೊಟ್ಟ ಹೆಸರು ಒಂದೇ ಇದೆಯೇ, ಅದು ವಿದ್ಯಾರ್ಥಿ ಗುಂಪಿನದೇ, ಸುಡೊ ಗುಂಪಿನಲ್ಲಿ ಇಲ್ಲವೇ ಎಂದು ಅದು ನೋಡಲಿ. ಅಟೆಂಡರ್‌ಗೆ ಆ ಸ್ಕ್ರಿಪ್ಟ್ ಒಂದಕ್ಕೇ ಅನುಮತಿ ಕೊಡಿ.

ಡಬ್ಲಿನ್ ಕನ್ನಡಿಗ

ಆ ಸ್ಕ್ರಿಪ್ಟ್ ಇರುವ ಕಡತಕೋಶಕ್ಕೂ ರೂಟ್ ಬಿಟ್ಟು ಬೇರೆ ಯಾರೂ ಬರೆಯುವಂತಿರಬಾರದು. ಬರೆದಾದ ಮೇಲೆ ಇಲ್ಲಿ ಹಾಕಿ, ಎಲ್ಲರೂ ಕೂಡಿ ನೋಡೋಣ.

ಲ್ಯಾಬ್ ಸಹಾಯಕಿ

ಸೋಮವಾರ ಹಾಕುತ್ತೇನೆ. ಅಧ್ಯಾಪಕರ ಖಾತೆಗೆ ಅವಧಿ ದಿನ ಈಗಲೇ ಕೊಟ್ಟೆ. ಅವರ ಮನೆ ಕಡತಕೋಶದಲ್ಲಿ ಎಸ್‌ಎಸ್‌ಎಚ್ ಕೀಲಿ ನಿಜಕ್ಕೂ ಇತ್ತು.